ನಿಮ್ಮದು ಯಾವ ವಿಂಡೋಸ್ ಎಂದು ಅವರಿಗೆ ಹೇಗೆ ಗೊತ್ತಾಯಿತು?

(ಮಹಿಳಾ ವಿಭಾಗದ ಅರಸಿನ ಕುಂಕುಮ ಕಾರ್ಯಕ್ರಮದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಕಳೆದ ವಾರ ಕಾರ್ಯಾಧ್ಯಕ್ಷೆಯವರು ಫೋನ್ ಮಾಡಿ, "ನೀವು ಕಂಪ್ಯೂಟರ್ ಕಲಿತವರು, ಇಪ್ಪತ್ತು ನಿಮಿಷ ಮಾತಾಡಿ. ಆದರೆ ನಮಗೆ ಅರ್ಥವಾಗಬೇಕು" ಎಂದರು. ಸುರತ್ಕಲ್ಲಿನಲ್ಲಿ ಎಂ.ಟೆಕ್ ಮಾಡುವಾಗ ಪರೀಕ್ಷಕರು ಹಾಕಿದ ಷರತ್ತಿಗಿಂತ ಇದು ಕಷ್ಟದ್ದು. ಏನು ಮಾತಾಡಲಿ ಎಂದು ಯೋಚಿಸುತ್ತಿದ್ದಾಗ ನಮ್ಮ ಅತ್ತೆ ಒಮ್ಮೆ ಕೇಳಿದ ಪ್ರಶ್ನೆ ನೆನಪಾಯಿತು. ಇವತ್ತಿನ ಮಾತೆಲ್ಲ ಆ ಒಂದು ಪ್ರಶ್ನೆಗೆ ಉತ್ತರ.

ಎರಡು ವರ್ಷದ ಹಿಂದಿನ ಮಾತು. ನಾನು ಮೈಂಡ್‌ಸ್ಪೇಸ್‌ನ ಆಫೀಸಿನಿಂದ ಮನೆಗೆ ಬರುವಾಗ ಅತ್ತೆ ಲ್ಯಾಪ್‌ಟಾಪ್ ಮುಂದೆ ಕೈ ಕಟ್ಟಿ ಕುಳಿತಿದ್ದರು. ಯಕ್ಷಗಾನದ ಹಳೆಯ ವಿಡಿಯೊ ಹುಡುಕುತ್ತಾ ಎಲ್ಲೋ ಒತ್ತಿದ್ದಾರೆ. ಪರದೆ ತುಂಬ ಕೆಂಪು ಬಣ್ಣ, ಜೋರಾಗಿ ಬೀಪ್ ಸದ್ದು. "ನಿಮ್ಮ ವಿಂಡೋಸ್ 10 ಕಂಪ್ಯೂಟರಿನಲ್ಲಿ ವೈರಸ್ ಇದೆ, ಮುಂಬಯಿಯಿಂದ ಪತ್ತೆಯಾಗಿದೆ, ತಕ್ಷಣ ಈ ನಂಬರಿಗೆ ಕರೆ ಮಾಡಿ" ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಅತ್ತೆ ನಂಬರನ್ನು ಕ್ಯಾಲೆಂಡರಿನ ಅಂಚಿನಲ್ಲಿ ಬರೆದಿಟ್ಟುಕೊಂಡಿದ್ದರು. ನಾನು ಇನ್ನೂ ಹತ್ತು ನಿಮಿಷ ತಡ ಮಾಡಿದ್ದರೆ ಕರೆ ಹೋಗಿಬಿಡುತ್ತಿತ್ತು.

ಅದು ಮೋಸದ ಪುಟ ಎಂದು ಹೇಳಿ ಬ್ರೌಸರ್ ಮುಚ್ಚಿದೆ. ಅತ್ತೆ ಒಪ್ಪಲಿಲ್ಲ. ಮನೆಯಲ್ಲಿ ನಾವು ಮಾತಾಡುವುದು ತುಳು, ಅವರು ಕೇಳಿದ್ದನ್ನು ಕನ್ನಡದಲ್ಲಿ ಹೇಳುತ್ತೇನೆ. "ಮೋಸವಾದರೆ ಮೋಸ. ಆದರೆ ನಮ್ಮದು ವಿಂಡೋಸ್ 10 ಎಂದು ಅವರಿಗೆ ಹೇಗೆ ಗೊತ್ತಾಯಿತು? ನಾವು ಮುಂಬಯಿಯವರು ಎಂದು ಹೇಗೆ ಗೊತ್ತಾಯಿತು? ಒಳಗೆ ಬಂದು ನೋಡದೆ ಹೇಳಲು ಆಗುತ್ತದೆಯೇ?"

ಬಹಳ ಸರಿಯಾದ ಪ್ರಶ್ನೆ. ಜನ ಹೆದರಿ ಕರೆ ಮಾಡುವುದೂ ಇದೇ ಕಾರಣಕ್ಕೆ. ಇಷ್ಟು ನಿಖರವಾಗಿ ಹೇಳುವವನು ಸುಳ್ಳು ಹೇಳಲಾರ ಎಂಬ ನಂಬಿಕೆ.

ಮೊದಲು ಆಪರೇಟಿಂಗ್ ಸಿಸ್ಟಂ ಎಂದರೇನು ನೋಡೋಣ. ನಾವೆಲ್ಲ ಸೊಸೈಟಿಯಲ್ಲಿ ಇರುವವರು, ಆದ್ದರಿಂದ ಸುಲಭ. ಕಂಪ್ಯೂಟರ್ ಒಂದು ಬಿಲ್ಡಿಂಗ್. ಅದರಲ್ಲಿ ನಡೆಯುವ ಒಂದೊಂದು ಪ್ರೋಗ್ರಾಂ ಒಂದೊಂದು ಫ್ಲ್ಯಾಟಿನ ಸಂಸಾರ. ನೀರಿನ ಪಂಪ್, ಮೀಟರ್ ರೂಮ್, ಲಿಫ್ಟ್, ಟೆರೇಸಿನ ಬೀಗ ಇವು ಯಾವುದೂ ಸಂಸಾರಗಳ ಕೈಯಲ್ಲಿಲ್ಲ, ಸೊಸೈಟಿಯ ಕೈಯಲ್ಲಿವೆ. ನಾವು ಪಂಪ್ ರೂಮಿಗೆ ಹೋಗಿ ಸ್ವಿಚ್ ಹಾಕುವುದಿಲ್ಲ, ಸೊಸೈಟಿ ಆಫೀಸಿನಲ್ಲಿ ಕೇಳುತ್ತೇವೆ. ಆ ಸೊಸೈಟಿ ಆಫೀಸೇ ಆಪರೇಟಿಂಗ್ ಸಿಸ್ಟಂ. ಫೈಲ್ ತೆರೆಯಬೇಕಾದರೂ ಕ್ಯಾಮೆರಾ ಬಳಸಬೇಕಾದರೂ ಪ್ರೋಗ್ರಾಂ ಅದನ್ನೇ ಕೇಳಬೇಕು. ವಿಂಡೋಸ್, ಲಿನಕ್ಸ್, ಮ್ಯಾಕ್ ಓಎಸ್, ಫೋನಿನಲ್ಲಿ ಆಂಡ್ರಾಯ್ಡ್, ಐಓಎಸ್ ಇವೆಲ್ಲ ಬೇರೆ ಬೇರೆ ಸೊಸೈಟಿಗಳು, ಬೇರೆ ಬೇರೆ ನಿಯಮಗಳು.

ಹೊಸದಾಗಿ ಬಾಡಿಗೆಗೆ ಬಂದವರು ಮೊದಲು ಏನು ಕೇಳುತ್ತಾರೆ? ಇದು ಯಾವ ಸೊಸೈಟಿ, ನೀರು ಎಷ್ಟು ಹೊತ್ತು ಬರುತ್ತದೆ, ಲಿಫ್ಟ್ ಇದೆಯೇ ಎಂದು. ಪ್ರೋಗ್ರಾಂ ಕೂಡ ಹಾಗೆಯೇ ಕೇಳುತ್ತದೆ. ನಿನ್ನ ಹೆಸರೇನು, ನಿನ್ನ ಆವೃತ್ತಿ ಎಷ್ಟು, ಮೆಮೊರಿ ಎಷ್ಟಿದೆ, ಈ ಬಳಕೆದಾರರ ಭಾಷೆ ಯಾವುದು? ಲಿನಕ್ಸ್‌ನಲ್ಲಿ ಇದಕ್ಕೆ ಯೂನೇಮ್ ಎಂಬ ಆದೇಶವಿದೆ, ಓಎಸ್-ರಿಲೀಸ್ ಎಂಬ ಪುಟ್ಟ ಫೈಲ್ ಇದೆ. ಆ ಫೈಲನ್ನು ಯಾರು ಬೇಕಾದರೂ ಓದಬಹುದು, ಸೊಸೈಟಿ ಗೇಟಿನ ಬೋರ್ಡ್ ಇದ್ದ ಹಾಗೆ. ಪೈಥಾನ್ ಭಾಷೆಯಲ್ಲಿ ಬರೆಯುವವರಿಗೆ ಪ್ಲಾಟ್‌ಫಾರ್ಮ್ ಎಂಬ ಮಾಡ್ಯೂಲ್ ಇದೆ. ಆಂಡ್ರಾಯ್ಡ್‌ನಲ್ಲಿ ಬಿಲ್ಡ್ ಎಂಬ ವಿಭಾಗ ಫೋನಿನ ಕಂಪನಿ, ಮಾಡೆಲ್, ಆವೃತ್ತಿ ಎಲ್ಲ ಹೇಳಿಬಿಡುತ್ತದೆ. ಇದಕ್ಕೆಲ್ಲ ನಿಮ್ಮ ಅನುಮತಿ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಗೇಟಿನ ಬೋರ್ಡ್ ಓದಲು ವಾಚ್‌ಮನ್‌ನನ್ನು ಯಾರು ಕೇಳುತ್ತಾರೆ?

ಈಗ ಅತ್ತೆಯ ಪ್ರಶ್ನೆಗೆ ಬರೋಣ. ನೀವು ಬ್ರೌಸರಿನಲ್ಲಿ ಯಾವ ಪುಟ ತೆರೆದರೂ, ಬ್ರೌಸರ್ ಆ ಪುಟದವರಿಗೆ ಒಂದು ಸಾಲು ಬರೆದು ಕಳಿಸುತ್ತದೆ. ಅದಕ್ಕೆ ಯೂಸರ್ ಏಜೆಂಟ್ ಎನ್ನುತ್ತಾರೆ. "ನಾನು ಇಂಥ ಬ್ರೌಸರ್, ಇಂಥ ಆಪರೇಟಿಂಗ್ ಸಿಸ್ಟಂ ಮೇಲೆ ನಡೆಯುತ್ತಿದ್ದೇನೆ" ಎಂಬ ಪರಿಚಯ. ಫೋನಿಗೆ ಫೋನಿನ ಪುಟ, ಕಂಪ್ಯೂಟರಿಗೆ ಕಂಪ್ಯೂಟರಿನ ಪುಟ ಕೊಡಲು ಅದು ನೆರವಾಗುತ್ತದೆ. ಇನ್ನು ಊರು? ಇಂಟರ್‌ನೆಟ್ ಸಂಪರ್ಕಕ್ಕೆ ಒಂದು ಐಪಿ ವಿಳಾಸ ಇರುತ್ತದೆ, ಅದನ್ನು ನೋಡಿ ಊರನ್ನು ಸುಮಾರಾಗಿ ಊಹಿಸಬಹುದು. ಮೋಸದ ಪುಟ ಈ ಎರಡನ್ನೂ ಓದಿ ಕೆಂಪು ಅಕ್ಷರದಲ್ಲಿ ತಿರುಗಿಸಿ ತೋರಿಸಿತು, ಅಷ್ಟೆ. ಅಂಚೆಯವನು ಕವರಿನ ಮೇಲಿನ ವಿಳಾಸ ಓದಿದ್ದಾನೆ, ಒಳಗಿನ ಪತ್ರ ಓದಿಲ್ಲ.

ಅತ್ತೆಗೆ ನಂಬಿಕೆ ಬರಲೆಂದು ಒಂದು ಪ್ರಯೋಗ ಮಾಡಿ ತೋರಿಸಿದೆ. ನನ್ನ ಲ್ಯಾಪ್‌ಟಾಪಿನಲ್ಲಿ ಇರುವುದು ವಿಂಡೋಸ್ 11. ಅದರ ಬ್ರೌಸರ್ ಕಳಿಸುವ ಆ ಪರಿಚಯದ ಸಾಲನ್ನು ತೆರೆದು ತೋರಿಸಿದೆ. ಅದರಲ್ಲಿಯೂ ವಿಂಡೋಸ್ ಎನ್‌ಟಿ 10.0 ಎಂದೇ ಇತ್ತು! ಕ್ರೋಮ್ ಮೊದಲಾದ ಬ್ರೌಸರುಗಳು ಆ ಸಾಲಿನಲ್ಲಿ 10ಕ್ಕೂ 11ಕ್ಕೂ ಒಂದೇ ಸಂಖ್ಯೆ ಬರೆಯುತ್ತವೆ. ಅಂದರೆ ಆ ಕೆಂಪು ಪುಟ ನನ್ನ ಲ್ಯಾಪ್‌ಟಾಪಿನಲ್ಲಿ ತೆರೆದಿದ್ದರೆ, ನನಗೂ ವಿಂಡೋಸ್ 10 ಎಂದೇ ಹೆದರಿಸುತ್ತಿತ್ತು. ಒಳಗೆ ಬಂದು ನೋಡಿದವನು ಹೀಗೆ ತಪ್ಪುತ್ತಾನೆಯೇ? ಆಗ ಅತ್ತೆ ನಕ್ಕು ಕ್ಯಾಲೆಂಡರಿನ ಅಂಚು ಹರಿದು ಬಿಸಾಡಿದರು.

ಆಪರೇಟಿಂಗ್ ಸಿಸ್ಟಂ ತನ್ನ ಬಗ್ಗೆ ತಾನೇ ಸುಳ್ಳು ಹೇಳುತ್ತದೆಯೇ ಎಂದು ನೀವು ಕೇಳಬಹುದು. ಹೇಳುತ್ತದೆ, ಅದಕ್ಕೆ ಕಾರಣ ನಮ್ಮಂಥ ಪ್ರೋಗ್ರಾಮರುಗಳು.

ವಿಂಡೋಸ್ ಎಕ್ಸ್‌ಪಿಯ ಒಳಗಿನ ಸಂಖ್ಯೆ 5.1. ಎಕ್ಸ್‌ಪಿ ಅಥವಾ ಅದಕ್ಕಿಂತ ಹೊಸದು ಇರಬೇಕು ಎನ್ನಲು ಹಲವರು, "ಮೊದಲ ಅಂಕೆ 5 ಅಥವಾ ಹೆಚ್ಚು, ಎರಡನೆಯ ಅಂಕೆ 1 ಅಥವಾ ಹೆಚ್ಚು" ಎಂದು ಬರೆದರು. ಆಮೇಲೆ ವಿಸ್ತಾ ಬಂತು, ಅದರ ಸಂಖ್ಯೆ 6.0. ಎರಡನೆಯ ಅಂಕೆ ಸೊನ್ನೆ! ಹೊಸ ವಿಂಡೋಸ್‌ನಲ್ಲಿ ಅಂಥ ಪ್ರೋಗ್ರಾಂಗಳು "ಇದು ಹಳೆಯದು, ನಾನು ನಡೆಯುವುದಿಲ್ಲ" ಎಂದು ಕುಳಿತುಬಿಟ್ಟವು. 2009ರಲ್ಲಿ ವಿಂಡೋಸ್ 7 ಬಂದಾಗ ಒಳಗಿನ ಸಂಖ್ಯೆ 7 ಆಗಲಿಲ್ಲ, 6.1 ಎಂದೇ ಇಟ್ಟರು. 2013ರ ವಿಂಡೋಸ್ 8.1 ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. "ನನಗೆ 8.1 ಗೊತ್ತು" ಎಂದು ಮೊದಲೇ ಬರೆದುಕೊಡದ ಪ್ರೋಗ್ರಾಂ ಹಳೆಯ ರೀತಿಯಲ್ಲಿ ಆವೃತ್ತಿ ಕೇಳಿದರೆ, "ನಾನು ವಿಂಡೋಸ್ 8" ಎಂದು ಹೇಳತೊಡಗಿತು. ಮನೆಯ ಅಜ್ಜಿಗೆ ಗಾಬರಿಯಾಗದಿರಲಿ ಎಂದು ಕೆಲವು ಸುದ್ದಿ ಹೇಳದೆ ಇರುತ್ತೇವಲ್ಲ, ಹಾಗೆ. ವಿಂಡೋಸ್ 11 ಕೂಡ ಒಳಗೆ 10.0 ಎಂದೇ ಹೇಳಿಕೊಳ್ಳುತ್ತದೆ. ಬಿಲ್ಡ್ ಸಂಖ್ಯೆ 22000 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು 11 ಎಂದು ನಾವು ತಿಳಿಯಬೇಕು. 2020ರಲ್ಲಿ ಆಪಲ್‌ನವರ ಮ್ಯಾಕ್ ಓಎಸ್ 11 ಬಂದಾಗಲೂ ಅದು ಹಳೆಯ ಪ್ರೋಗ್ರಾಂಗಳಿಗೆ ತನ್ನನ್ನು 10.16 ಎಂದು ಪರಿಚಯಿಸಿಕೊಂಡಿತು.

ಇದನ್ನೆಲ್ಲ ನಗುತ್ತಾ ಹೇಳುತ್ತಿದ್ದೇನೆ. ಆದರೆ ಇದೇ ತಪ್ಪನ್ನು ನಾನೂ ಮಾಡಿದ್ದೇನೆ. ಅದನ್ನು ಈ ವೇದಿಕೆಯಲ್ಲಿ ಹೇಳಬೇಕೆಂದೇ ಬಂದಿದ್ದೇನೆ.

ಮನೆ ಮನೆಗೆ ಹೋಗಿ ಮಾಹಿತಿ ತುಂಬಿಕೊಳ್ಳುವ ಹೆಣ್ಣುಮಕ್ಕಳಿಗಾಗಿ ನಮ್ಮ ತಂಡ ಒಂದು ಆ್ಯಪ್ ಮಾಡಿತ್ತು. ಒಂದು ಫಾರ್ಮಿಗೆ ಇಷ್ಟು ಎಂದು ಅವರಿಗೆ ಹಣ. ಆಂಡ್ರಾಯ್ಡ್ 6ಕ್ಕಿಂತ ಹಳೆಯ ಫೋನಿದ್ದರೆ "ನಿಮ್ಮ ಫೋನ್ ಹಳೆಯದು, ಈ ಆ್ಯಪ್ ನಡೆಯುವುದಿಲ್ಲ" ಎಂದು ತೋರಿಸಬೇಕಿತ್ತು. ಆ ಸಾಲು ಬರೆದವಳು ನಾನು. ಫೋನಿನ ಆವೃತ್ತಿಯನ್ನು ಕೇಳಿ ತಂದೆ, 6ರ ಜೊತೆ ಹೋಲಿಸಿದೆ. ಆಂಡ್ರಾಯ್ಡ್ 5, 7, 8, 9 ಎಲ್ಲದರಲ್ಲಿ ಪರೀಕ್ಷೆ ಮಾಡಿದೆವು, ಎಲ್ಲ ಸರಿಯಾಗಿತ್ತು. 2019ರ ಸೆಪ್ಟೆಂಬರಿನಲ್ಲಿ ಆಂಡ್ರಾಯ್ಡ್ 10 ಬಂತು. ಕೆಲವು ತಿಂಗಳಲ್ಲಿ ದೂರು ಬರತೊಡಗಿತು. ಹಳೆಯ ಫೋನಿನವರಿಗೆ ತೊಂದರೆಯೇ ಇಲ್ಲ, ಹೊಸ ಫೋನ್ ಕೊಂಡವರಿಗೇ "ನಿಮ್ಮ ಫೋನ್ ಹಳೆಯದು" ಎಂದು ಬರುತ್ತಿತ್ತು.

ಕಾರಣ ಬಹಳ ಸಣ್ಣದು. ನಾನು ತಂದ ಆವೃತ್ತಿ ಸಂಖ್ಯೆಯಾಗಿರಲಿಲ್ಲ, ಅಕ್ಷರವಾಗಿತ್ತು. ಅಕ್ಷರಗಳನ್ನು ಹೋಲಿಸುವಾಗ ಕಂಪ್ಯೂಟರ್ ಪದಕೋಶದ ಕ್ರಮದಲ್ಲಿ ನೋಡುತ್ತದೆ, ಮೊದಲ ಅಕ್ಷರ ಮೊದಲು. 10ರ ಮೊದಲ ಅಕ್ಷರ 1. ಅದು 6ಕ್ಕಿಂತ ಮೊದಲು ಬರುತ್ತದೆ. ಆದ್ದರಿಂದ 10 ಎಂಬುದು 6ಕ್ಕಿಂತ ಚಿಕ್ಕದು ಎಂದು ತೀರ್ಮಾನವಾಯಿತು. ಆಂಡ್ರಾಯ್ಡ್ ಇದಕ್ಕೆಂದೇ ಬೇರೆ ಸಂಖ್ಯೆ ಕೊಡುತ್ತದೆ. ಆಂಡ್ರಾಯ್ಡ್ 6ಕ್ಕೆ 23, ಆಂಡ್ರಾಯ್ಡ್ 10ಕ್ಕೆ 29. ಅದನ್ನು ಹೋಲಿಸಿದ್ದರೆ ಏನೂ ಆಗುತ್ತಿರಲಿಲ್ಲ. ತಿದ್ದಿದ್ದು ಒಂದೇ ಸಾಲು, ಹತ್ತು ನಿಮಿಷದ ಕೆಲಸ.

ಆದರೆ ಒಬ್ಬಾಕೆ ಕಂತಿನ ಮೇಲೆ ಹೊಸ ಫೋನ್ ಕೊಂಡಿದ್ದಳು, ಈ ಕೆಲಸಕ್ಕೆಂದೇ. ತಿದ್ದಿದ ಆ್ಯಪ್ ಅವಳ ಕೈಗೆ ಸೇರುವ ಹೊತ್ತಿಗೆ ನಾಲ್ಕು ದಿನ ಕಳೆದಿತ್ತು. ಆ ನಾಲ್ಕು ದಿನದ ಫಾರ್ಮುಗಳು ಹೋದವು, ಹಣವೂ ಹೋಯಿತು. ದೂರಿನ ಪಟ್ಟಿಯಲ್ಲಿ ಅವಳದು ಒಂದು ಸಾಲು: "ಫೋನ್ ಹೊಸದು. ಅಂಗಡಿಯವನು ಮೋಸ ಮಾಡಿದನೋ ಎಂದು ಜಗಳ ಮಾಡಿ ಬಂದೆ." ಅಂಗಡಿಯವನದು ಏನೂ ತಪ್ಪಿರಲಿಲ್ಲ. ಅವಳ ಹೆಸರು ನನಗೆ ಗೊತ್ತಿಲ್ಲ. ಕ್ಷಮೆ ಕೇಳುವ ದಾರಿಯೂ ಇರಲಿಲ್ಲ.

ಎರಡನೆಯ ಪಾಠ ಮನೆಯಲ್ಲೇ ಆಯಿತು. ನಮ್ಮ ಮಾವ ಹದಿನಾರನೆಯ ವಯಸ್ಸಿನಲ್ಲಿ ಊರಿನಿಂದ ಬಂದು, ಹಗಲು ಕ್ಯಾಂಟೀನಿನಲ್ಲಿ ದುಡಿದು, ಸಂಜೆ ಫೋರ್ಟಿನ ಕನ್ನಡ ರಾತ್ರಿಶಾಲೆಯಲ್ಲಿ ಕಲಿತು ನೌಕರಿಗೆ ಸೇರಿದವರು. ಇಲ್ಲಿ ಕುಳಿತಿರುವ ಎಷ್ಟೋ ಮನೆಗಳ ಕತೆ ಅದೇ. ಹಣಕಾಸಿನ ಆ್ಯಪ್ ಬಳಸಲು ಅರುವತ್ತೆಂಟನೆಯ ವಯಸ್ಸಿನಲ್ಲಿ ಕಲಿತರು. ಯಾರ ಸಹಾಯವೂ ಇಲ್ಲದೆ ವಿದ್ಯುತ್ ಬಿಲ್ ಕಟ್ಟುತ್ತೇನೆ ಎಂಬ ಹೆಮ್ಮೆ ಅವರಿಗೆ. ಒಂದು ದಿನ ಬೆಳಿಗ್ಗೆ ಆ ಆ್ಯಪ್ ತೆರೆಯಲಿಲ್ಲ. "ಈ ಸಾಧನದ ಆವೃತ್ತಿಗೆ ಬೆಂಬಲವಿಲ್ಲ" ಎಂದು ಇಂಗ್ಲಿಷಿನಲ್ಲಿ ಬಂತು. ಅವರು ಅದನ್ನು ಓದಿ, ತಾವೇ ಏನೋ ತಪ್ಪು ಒತ್ತಿರಬೇಕು ಎಂದು ತಿಳಿದು, ಯಾರಿಗೂ ಹೇಳದೆ ಎರಡು ವಾರ ಸುಮ್ಮನಿದ್ದರು. ಬಿಲ್ಲಿನ ತಾರೀಕು ದಾಟಿದ ಮೇಲೆ ನಮಗೆ ತಿಳಿದದ್ದು.

ನಾನು ಫೋನ್ ನೋಡಿ ಕಾರಣ ಹೇಳಿದೆ. ಮಾವ ಕೇಳಿದರು, "ನಿನ್ನೆ ನಡೆಯುತ್ತಿತ್ತಲ್ಲ ಮಗಾ. ಫೋನ್ ಕೆಟ್ಟಿಲ್ಲ, ನಾನು ಮರೆತಿಲ್ಲ. ಹಾಗಾದರೆ ಬೇಡ ಎಂದದ್ದು ಯಾರು?"

ಬೇಡ ಎಂದದ್ದು ಒಂದು ಸಾಲು. ಎಲ್ಲೋ ನನ್ನಂಥವಳೊಬ್ಬಳು ಕುಳಿತು ಬರೆದ ಸಾಲು. ಪ್ರೋಗ್ರಾಂ ಆವೃತ್ತಿ ಕೇಳಿತು, ಫೋನ್ ನಿಜ ಹೇಳಿತು, ಬಾಗಿಲು ಮುಚ್ಚಿತು.

ಇದರಲ್ಲಿ ಅನ್ಯಾಯ ಮಾತ್ರ ಇದೆ ಎಂದು ಹೇಳುವುದಿಲ್ಲ. ಹಳೆಯ ಆವೃತ್ತಿಗೆ ಸುರಕ್ಷತೆಯ ತಿದ್ದುಪಡಿಗಳು ಬರುವುದು ನಿಲ್ಲುತ್ತದೆ, ಕಳ್ಳರಿಗೆ ಗೊತ್ತಿರುವ ತೂತುಗಳು ಹಾಗೆಯೇ ಉಳಿಯುತ್ತವೆ. ಹಣದ ವ್ಯವಹಾರದಲ್ಲಿ ಅಂಥ ಫೋನ್ ಅಪಾಯ. ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಮಾಮೂಲು ಬೆಂಬಲ ನಿಲ್ಲಿಸಿತು. ಬಾಗಿಲು ಮುಚ್ಚುವುದಕ್ಕೆ ಕಾರಣವಿರಬಹುದು. ಆದರೆ ಮೂರು ತಿಂಗಳ ಮೊದಲೇ ಹೇಳಬಹುದು. ಅವರ ಭಾಷೆಯಲ್ಲಿ ಹೇಳಬಹುದು. "ತಪ್ಪು ನಿಮ್ಮದಲ್ಲ" ಎಂದು ಒಂದು ವಾಕ್ಯ ಸೇರಿಸಬಹುದು. ಬದಲಿ ದಾರಿ ತೋರಿಸಬಹುದು.

ಇನ್ನೊಂದು ಮಾತು. ಪ್ರೋಗ್ರಾಮಿಂಗ್ ಕಲಿಯುತ್ತಿರುವ ಹುಡುಗಿಯರು ಇಲ್ಲಿದ್ದಾರೆ, ಅವರಿಗೆ ಹೇಳುತ್ತೇನೆ. ಆವೃತ್ತಿ ಕೇಳುವುದಕ್ಕಿಂತ ಬೇಕಾದದ್ದು ಇದೆಯೇ ಎಂದು ಕೇಳುವುದು ಮೇಲು. ಮಂಡಿ ನೋವಿನವರು ಮನೆ ನೋಡಲು ಹೋದರೆ ಬಿಲ್ಡಿಂಗ್ ಯಾವ ವರ್ಷದ್ದು ಎಂದು ಕೇಳುವುದಿಲ್ಲ, ಲಿಫ್ಟ್ ಇದೆಯೇ ಎಂದು ಕೇಳುತ್ತಾರೆ. ಹಳೆಯ ಬಿಲ್ಡಿಂಗಿಗೆ ಲಿಫ್ಟ್ ಹಾಕಿಸಿರಬಹುದು, ಹೊಸದರಲ್ಲಿ ಅದು ಕೆಟ್ಟಿರಬಹುದು.

ಇದಕ್ಕೆ ನಮ್ಮ ಕನ್ನಡವೇ ಒಳ್ಳೆಯ ಉದಾಹರಣೆ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಯೂನಿಕೋಡ್ ಕನ್ನಡ ಬಂತು, ತುಂಗಾ ಎಂಬ ಅಕ್ಷರಶೈಲಿಯೊಂದಿಗೆ. ಆದರೂ ಎಷ್ಟೋ ಎಕ್ಸ್‌ಪಿ ಕಂಪ್ಯೂಟರುಗಳಲ್ಲಿ ಕನ್ನಡ ಸರಿಯಾಗಿ ಕಾಣುತ್ತಿರಲಿಲ್ಲ. ಸಂಕೀರ್ಣ ಲಿಪಿಗಳ ಬೆಂಬಲವನ್ನು ಬೇರೆಯಾಗಿ ಹಾಕಿಕೊಳ್ಳಬೇಕಿತ್ತು. ಆವೃತ್ತಿ ಕೇಳಿದರೆ ಉತ್ತರ ಸರಿ, ಪರದೆಯಲ್ಲಿ ಮಾತ್ರ ಚೌಕದ ಡಬ್ಬಿಗಳು. ಆಂಡ್ರಾಯ್ಡ್‌ನಲ್ಲಿ ಕನ್ನಡ ಅಕ್ಷರ ಕಾಣಿಸತೊಡಗಿದ್ದು 2012ರ 4.1 ಆವೃತ್ತಿಯಲ್ಲಿ. ಅದಕ್ಕೆ ಮೊದಲು ಊರಿನಿಂದ ಕನ್ನಡದಲ್ಲಿ ಮೆಸೇಜ್ ಬಂದರೆ ಡಬ್ಬಿಗಳ ಸಾಲೇ. ಹಾಗಾಗಿ ಪ್ರೋಗ್ರಾಂ ಕೇಳಬೇಕಾದದ್ದು "ನೀನು ಎಷ್ಟನೆಯ ಆವೃತ್ತಿ" ಎಂದಲ್ಲ, "ನಿನಗೆ ಕನ್ನಡ ಬರೆಯಲು ಬರುತ್ತದೆಯೇ" ಎಂದು.

ಈಗ ನೀವು ಮನೆಗೆ ಹೋಗಿ ಮಾಡಬಹುದಾದ ಮೂರು ಕೆಲಸ ಹೇಳಿ ಮುಗಿಸುತ್ತೇನೆ.

ಒಂದು, ನಿಮ್ಮ ಸಾಧನದ ಆವೃತ್ತಿ ನೀವೇ ತಿಳಿದಿಟ್ಟುಕೊಳ್ಳಿ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಕೊನೆಯ ಕಡೆಗೆ ಅಬೌಟ್ ಫೋನ್ ಎಂದು ಇರುತ್ತದೆ. ಅದರಲ್ಲಿ ಆಂಡ್ರಾಯ್ಡ್ ಆವೃತ್ತಿಯನ್ನೂ ಕೊನೆಯ ಸುರಕ್ಷತಾ ತಿದ್ದುಪಡಿಯ ತಾರೀಕನ್ನೂ ನೋಡಿ. ತಾರೀಕು ವರ್ಷಗಟ್ಟಲೆ ಹಳೆಯದಾಗಿದ್ದರೆ ಆ ಫೋನಿನಲ್ಲಿ ಹಣದ ವ್ಯವಹಾರ ಬೇಡ. ಕಂಪ್ಯೂಟರಿನಲ್ಲಾದರೆ ವಿಂಡೋಸ್ ಕೀಲಿ ಮತ್ತು ಆರ್ ಕೀಲಿ ಒಟ್ಟಿಗೆ ಒತ್ತಿ, ವಿನ್‌ವರ್ ಎಂದು ಇಂಗ್ಲಿಷಿನ ಆರು ಅಕ್ಷರ ಟೈಪ್ ಮಾಡಿ ಎಂಟರ್ ಒತ್ತಿ. ಆವೃತ್ತಿ ಬರುತ್ತದೆ.

ಎರಡು, ಬೋರ್ಡ್ ಓದುವುದಕ್ಕೂ ಮನೆಯೊಳಗೆ ಬರುವುದಕ್ಕೂ ಇರುವ ವ್ಯತ್ಯಾಸ ನೆನಪಿಡಿ. ಆವೃತ್ತಿ, ಮಾಡೆಲ್ ಇವು ಬೋರ್ಡಿನ ಮೇಲಿರುವವು, ಅದನ್ನು ಯಾರಾದರೂ ಹೇಳಿದರೆ ಹೆದರಬೇಡಿ. ಕಾಂಟ್ಯಾಕ್ಟ್ಸ್, ಎಸ್ಸೆಮ್ಮೆಸ್, ಲೊಕೇಶನ್ ಇವು ಮನೆಯೊಳಗಿನವು. ಅದಕ್ಕೆ ಆಪರೇಟಿಂಗ್ ಸಿಸ್ಟಂ ನಿಮ್ಮನ್ನು ಕೇಳುತ್ತದೆ. ಫೋನಿನ ಐಎಂಇಐ ನಂಬರನ್ನಂತೂ ಆಂಡ್ರಾಯ್ಡ್ 10ರಿಂದ ಸಾಮಾನ್ಯ ಆ್ಯಪ್‌ಗಳಿಗೆ ಕೊಡುವುದೇ ಇಲ್ಲ. ಆದ್ದರಿಂದ ಮೋಸಗಾರರಿಗೆ ನಿಮ್ಮ ಒಪ್ಪಿಗೆಯೇ ಬೇಕು. ಮದುವೆಯ ಆಮಂತ್ರಣ, ಟ್ರಾಫಿಕ್ ಚಲನ್ ಎಂದು ವಾಟ್ಸಾಪಿನಲ್ಲಿ ಎಪಿಕೆ ಫೈಲ್ ಕಳಿಸುವುದು, ಎಸ್ಸೆಮ್ಮೆಸ್ ಓದುವ ಅನುಮತಿ, ಆ್ಯಕ್ಸೆಸಿಬಿಲಿಟಿ ಅನುಮತಿ ಕೇಳುವುದು ಇದಕ್ಕೇ. ಕೊಡಬೇಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಅದು ಸರ್ಕಾರದ ಸೈಬರ್ ಅಪರಾಧ ಸಹಾಯವಾಣಿ. ನಾಚಿಕೆಯಿಂದ ಎರಡು ವಾರ ಸುಮ್ಮನಿರಬೇಡಿ.

ಮೂರು, ಇದು ಸಂಘದ ಮಾತು. ಪ್ರೋಗ್ರಾಂ ಆಪರೇಟಿಂಗ್ ಸಿಸ್ಟಂ ಅನ್ನು ಕೇಳುವ ಪ್ರಶ್ನೆಗಳಲ್ಲಿ ಒಂದು, "ಈ ಬಳಕೆದಾರರ ಭಾಷೆ ಯಾವುದು?" ಎಂದು. ಇಲ್ಲಿ ಕನ್ನಡದಲ್ಲಿ ಹಾಡುವ ನಾವು, ಫೋನ್ ಕೇಳಿದಾಗ ಬಹುತೇಕ ಎಲ್ಲರೂ ಇಂಗ್ಲಿಷ್ ಎಂದೇ ಉತ್ತರ ಕೊಡಿಸಿದ್ದೇವೆ. ಆ್ಯಪ್ ಮಾಡುವ ಕಡೆ ಕುಳಿತವಳು ನಾನು. ಯಾವ ಭಾಷೆಗೆ ಖರ್ಚು ಮಾಡೋಣ ಎಂಬ ಚರ್ಚೆ ಬಂದಾಗ ನಮ್ಮ ಮುಂದೆ ಇರುವುದು ಈ ಲೆಕ್ಕವೇ. ಅಲ್ಲಿ ಕನ್ನಡದವರು ಎಣಿಕೆಗೇ ಸಿಗದಿದ್ದರೆ, ಮಾವನಂಥವರಿಗೆ ಎಚ್ಚರಿಕೆಯ ಮಾತು ಇಂಗ್ಲಿಷಿನಲ್ಲೇ ಬರುತ್ತದೆ. ಇಡೀ ಫೋನ್ ಕನ್ನಡವಾದರೆ ಕಷ್ಟ ಎನ್ನುವವರಿಗೆ, 2022ರಲ್ಲಿ ಬಂದ ಆಂಡ್ರಾಯ್ಡ್ 13ರಿಂದ ಒಂದೊಂದು ಆ್ಯಪ್‌ಗೆ ಬೇರೆ ಬೇರೆ ಭಾಷೆ ಇಡುವ ಸೌಲಭ್ಯವಿದೆ. ಆ ಸೌಲಭ್ಯ ಒಪ್ಪುವ ಯಾವುದಾದರೂ ಒಂದು ಆ್ಯಪನ್ನು ಕನ್ನಡಕ್ಕೆ ಬದಲಿಸಿ ನೋಡಿ.

ಮಾವನಿಗೆ ಹೊಸ ಫೋನ್ ಬಂತು. ಮೊದಲು ಬೇಡವೆಂದರು, ಆಮೇಲೆ ಭಾಷೆಯನ್ನು ಕನ್ನಡಕ್ಕೆ ಹಾಕಿಕೊಟ್ಟ ಮೇಲೆ ಒಪ್ಪಿದರು. ಈಗ ಆಫೀಸಿನಲ್ಲಿ ಯಾರಾದರೂ "ಕನಿಷ್ಠ ಆವೃತ್ತಿ ಏರಿಸೋಣ" ಎಂದರೆ ನಾನು ಎರಡು ಪ್ರಶ್ನೆ ಕೇಳುತ್ತೇನೆ. ಎಷ್ಟು ಜನ ಹೊರಗೆ ಉಳಿಯುತ್ತಾರೆ, ಅವರಿಗೆ ಯಾವಾಗ, ಯಾವ ಭಾಷೆಯಲ್ಲಿ ಹೇಳುತ್ತೇವೆ? ಕೆಲವು ಸಲ ನನ್ನ ಮಾತು ನಡೆಯುತ್ತದೆ, ಕೆಲವು ಸಲ ನಡೆಯುವುದಿಲ್ಲ. ಕೇಳುವುದನ್ನು ಮಾತ್ರ ಬಿಟ್ಟಿಲ್ಲ.

ಕಾರ್ಯಕ್ರಮದ ಕೊನೆಗೆ ಅರ್ಧ ಗಂಟೆ ಇಲ್ಲೇ ಇರುತ್ತೇನೆ. ಫೋನ್ ತಂದವರು ಬನ್ನಿ, ಆವೃತ್ತಿ ನೋಡಿ ಹೇಳುತ್ತೇನೆ, ಬೇಕೆಂದವರಿಗೆ ಕನ್ನಡ ಹಾಕಿಕೊಡುತ್ತೇನೆ.